ಹಲ್ಲಕ್ಕನ ಅಂದಾಜು ಪಟ್ಟಿ

ಎರಡನೇ ಮಹಡಿಯ ಆ ಉದ್ದನೆಯ ಕೋಣೆಯಲ್ಲಿ ನಾವು ಐದು ಜನ ಕಟ್ಟುಹಲ್ಲು ಮಾಡುತ್ತಿದ್ದೆವು. ದಂತವೈದ್ಯರು ರೋಗಿಗಳ ಬಾಯಿಯ ಅಚ್ಚು ತೆಗೆದು ಡಬ್ಬಿಯಲ್ಲಿ ಕಳಿಸುತ್ತಿದ್ದರು. ಅದಕ್ಕೆ ಬಿಳಿ ಗಾರೆ ಸುರಿದು ದವಡೆಯ ಪ್ರತಿ ತೆಗೆಯಬೇಕು, ಅದರ ಮೇಲೆ ಗುಲಾಬಿ ಬಣ್ಣದ ಮೇಣ ಹಚ್ಚಿ ಒಂದೊಂದೇ ಹಲ್ಲು ಕೂರಿಸಬೇಕು, ಆಮೇಲೆ ಮೇಣ ಕರಗಿಸಿ ಆ ಜಾಗಕ್ಕೆ ಪ್ಲಾಸ್ಟಿಕ್ಕು ತುಂಬಿ ಬೇಯಿಸಬೇಕು. ಬೆಂದು ಬಂದದ್ದನ್ನು ಉಜ್ಜಿ ಹೊಳಪು ಕೊಡುವ ಯಂತ್ರ ನನ್ನದು. ನನ್ನ ಎಡಗಡೆ ಮೇಜಿನಲ್ಲಿ ಕೂತು ಹಲ್ಲು ಕೂರಿಸುತ್ತಿದ್ದವಳನ್ನು ವೈದ್ಯರು, ಯಜಮಾನರು, ನಾವು ಎಲ್ಲರೂ ಹಲ್ಲಕ್ಕ ಅನ್ನುತ್ತಿದ್ದೆವು.

ಆಗ ಅವಳಿಗೆ ನಲವತ್ತೆರಡು. ಕಡ್ಡಿಯಂಥ ಮೈ. ಸ್ಪಿರಿಟ್ ದೀಪದ ಮೇಲೆ ಚಾಕು ಕಾಯಿಸಿ ಕಾಯಿಸಿ ಹತ್ತೊಂಬತ್ತು ವರ್ಷದಲ್ಲಿ ಬಲಗೈ ಹೆಬ್ಬೆರಳಿನ ತುದಿ ಮರದ ಗುಬಟಿನ ಹಾಗೆ ಆಗಿತ್ತು. ಕೂದಲೆಳೆಯಷ್ಟು ಸೊಟ್ಟಗೆ ಕೂತ ಹಲ್ಲನ್ನೂ ಕಿತ್ತು ಮತ್ತೆ ಕೂರಿಸುವಳು. "ಬಿಡಕ್ಕ, ಮುದುಕರ ಬಾಯಿ, ಯಾರು ನೋಡ್ತಾರೆ" ಅಂದರೆ, "ಅವರ ನಾಲಿಗೆ ನೋಡುತ್ತೆ ಕಣೇ" ಅನ್ನುವಳು. ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ ಅನ್ನುವ ಗಾದೆ ಸುಳ್ಳಾಗುವ ತನಕ ನಮ್ಮ ಐದು ಸಂಸಾರಗಳಿಗೂ ತೊಂದರೆಯಿಲ್ಲ ಎಂದು ನಗಿಸುವಳು.

ಅವಳ ಸಂಸಾರಕ್ಕೆ ತೊಂದರೆ ಬಂದದ್ದು ಒಂದು ಸೋಮವಾರ ಬೆಳಿಗ್ಗೆ, ನಮ್ಮ ಕೋಣೆಯ ಬಾಗಿಲಿಗೇ. ಇಸ್ತ್ರಿ ಹಾಕಿದ ಅಂಗಿಯ ಇಬ್ಬರು ಗಂಡಸರು, ಕೈಯಲ್ಲಿ ಒಂದು ಫೈಲು. ಗಂಡನ ಬ್ಯಾಟರಿ ಅಂಗಡಿಯ ಸಾಲಕ್ಕೆ ನಾಲ್ಕು ತಿಂಗಳಿಂದ ಕಂತು ಬಂದಿಲ್ಲ, ಜೊತೆಗೆ ಸಹಿ ಹಾಕಿದವರು ನೀವು, ನೀವು ಕಟ್ಟಬೇಕು ಅಂದರು. ಮೊತ್ತ ಅವಳ ಹದಿನಾಲ್ಕು ತಿಂಗಳ ಸಂಬಳ. ಹಲ್ಲಕ್ಕ ಅವರ ಕೈಯಿಂದ ಕಾಗದ ತೆಗೆದುಕೊಂಡು, ಹಲ್ಲು ನೋಡುವ ಭೂತಗನ್ನಡಿಯನ್ನೇ ಹಿಡಿದು ಸಹಿ ನೋಡಿದಳು. ತುಂಬ ಹೊತ್ತು ನೋಡಿದಳು. "ಚೆನ್ನಾಗಿ ಮಾಡಿದಾರೆ" ಅಂದಳು. ಅಷ್ಟೇ.

ಗಂಡ ಕೆಟ್ಟವನೆಂದು ಊರಿನಲ್ಲಿ ಯಾರೂ ಹೇಳುತ್ತಿರಲಿಲ್ಲ. ಕುಡಿಯುತ್ತಿರಲಿಲ್ಲ, ಕೈ ಎತ್ತುತ್ತಿರಲಿಲ್ಲ. ಮಾತಿನಲ್ಲೇ ಮನೆ ಕಟ್ಟಿ ಮಾತಿನಲ್ಲೇ ಗೃಹಪ್ರವೇಶ ಮಾಡಿಸುವಂಥವನು. ಮೊದಲು ನೀರಿನ ಪಂಪು, ಆಮೇಲೆ ಬಣ್ಣದ ಡೀಲರು, ಆಮೇಲೆ ಬ್ಯಾಟರಿ. ಪ್ರತಿ ಸಲವೂ ಇನ್ನೊಂದು ಆರು ತಿಂಗಳು, ಆಮೇಲೆ ನೋಡು. ಹೀಗೆ ನೋಡುತ್ತ ನೋಡುತ್ತ ಮನೆಸಾಲದ ಕಂತು, ಮಗಳ ಶಾಲೆ, ಅತ್ತೆಯ ಮಾತ್ರೆ ಎಲ್ಲ ಅವಳ ತಲೆಗೇ ಬಂದಿದ್ದವು. ಮೂರು ವರ್ಷದ ಹಿಂದೆ ಮಗಳ ಹೆಸರಿನಲ್ಲಿಟ್ಟ ಠೇವಣಿಯನ್ನೂ ಒಂದು ಮಧ್ಯಾಹ್ನ ಮುರಿಸಿದ್ದ. ಆಗ ಅವಳು ಹಲ್ಲು ಕಚ್ಚಿಕೊಂಡು ಸುಮ್ಮನಾಗಿದ್ದಳು.

ಈ ಸಲ ಮನೆಗೆ ಹೋಗಿ ಕೇಳಿದಳಂತೆ. ಅವನು ಊಟದ ತಟ್ಟೆಯಿಂದ ತಲೆ ಎತ್ತದೆ, "ನಿನ್ನ ಸಹಿ, ನನ್ನ ಸಹಿ ಅಂತ ಬೇರೆ ಬೇರೆ ಇದೆಯಾ? ನೀನು ಕೆಲಸಕ್ಕೆ ಹೋಗಿದ್ದೆ. ಅರ್ಜೆಂಟ್ ಇತ್ತು, ಹಾಕ್ದೆ" ಅಂದನಂತೆ.

"ಕೋಪ ಬರ್ಲಿಲ್ಲ ಕಣೇ," ಅಂದಳು ಮಾರನೇ ದಿನ ನನಗೆ. "ಭಯ ಆಯ್ತು. ಈ ಮನುಷ್ಯ ಇನ್ನೂ ಏನೇನಕ್ಕೆ ನನ್ನ ಸಹಿ ಹಾಕಿದಾನೋ, ಇನ್ನು ಎಷ್ಟು ವರ್ಷ ಹಾಕ್ತಾನೋ. ನಾನು ಹೊರಗೆ ಬರ್ಬೇಕು. ಬರೋಕೆ ಎಷ್ಟಾಗುತ್ತೆ ಅಂತ ಮೊದಲು ನೋಡ್ಬೇಕು."

ವಕೀಲೆಯ ಕೋಣೆ ಛತ್ರಿ ಅಂಗಡಿಯೊಂದರ ಮೇಲಿತ್ತು. ಮೆಟ್ಟಿಲು ಕಡಿದಾಗಿತ್ತು, ಜೊತೆಗೆ ನಾನೂ ಹೋಗಿದ್ದೆ. ವಕೀಲೆ ಐವತ್ತರ ಹೆಂಗಸು, ಕಾಗದದ ಗುಡ್ಡಗಳ ನಡುವೆ ಕೂತಿದ್ದಳು. ಹಲ್ಲಕ್ಕ ಕುರ್ಚಿಯಲ್ಲಿ ಪೂರ್ತಿ ಕೂರುವ ಮೊದಲೇ ಕೇಳಿದಳು: "ಎಷ್ಟಾಗುತ್ತೆ, ಮೇಡಂ?"

ವಕೀಲೆ ಕನ್ನಡಕ ತೆಗೆದಳು. "ಎಲ್ಲರೂ ಗಂಡ ಏನ್ ಮಾಡ್ದ ಅಂತ ಶುರು ಮಾಡ್ತಾರೆ. ನೀವು ರೇಟು ಕೇಳ್ತಿದೀರಿ."

"ಏನ್ ಮಾಡ್ದ ಅನ್ನೋದು ನನಗೆ ಗೊತ್ತಿದೆ. ಎಷ್ಟಾಗುತ್ತೆ ಅನ್ನೋದು ಗೊತ್ತಿಲ್ಲ."

ವಕೀಲೆ ಬಾಗಿಲು ಹಾಕಿಸಿ, ಎಲ್ಲ ಬಿಡಿಸಿ ಹೇಳಿದಳು. ವಿಚ್ಛೇದನಕ್ಕೆ ಇಬ್ಬರೂ ಒಪ್ಪಿದರೆ ವರ್ಷದೊಳಗೆ ಮುಗಿಯುತ್ತದೆ. ಒಬ್ಬರು ಒಪ್ಪದಿದ್ದರೆ ಮೂರು ವರ್ಷವೂ ಆಗಬಹುದು, ಐದೂ ಆಗಬಹುದು. "ನನ್ನ ಫೀಸಿಂದ ಯಾರೂ ಮುಳುಗಲ್ಲಮ್ಮ. ಒಂದು ಮನೆ ನಡೆಸ್ತಿದ್ದ ದುಡ್ಡಲ್ಲಿ ಎರಡು ಮನೆ ನಡೀಬೇಕಲ್ಲ, ಅದರಲ್ಲಿ ಮುಳುಗ್ತಾರೆ. ಮೊದಲು ಹೋಗಿ ಪಟ್ಟಿ ಮಾಡಿ. ಯಾವುದು ಯಾರ ಹೆಸರಲ್ಲಿದೆ, ಯಾವ ಸಾಲಕ್ಕೆ ಯಾರ ಸಹಿ ಇದೆ, ತಿಂಗಳಿಗೆ ಏನು ಬರುತ್ತೆ, ಏನು ಹೋಗುತ್ತೆ. ಎಲ್ಲಾ ಕಾಗದದ ಪ್ರತಿ ಮಾಡ್ಸಿ ಮನೆಯಿಂದ ಹೊರಗೆ ಎಲ್ಲಾದ್ರೂ ಇಡಿ. ಗಂಡನಿಗೆ ಹೇಳೋದು ಆಮೇಲೆ."

"ಅವರು ಜೀವನಾಂಶ ಕೊಡ್ತಾರಾ?"

"ಕೇಳೋಣ. ಅವರ ಆದಾಯ ಎಷ್ಟು?"

ಹಲ್ಲಕ್ಕ ನಕ್ಕಳು. ಅಂಗಡಿಯ ಲೆಕ್ಕದ ಪ್ರಕಾರ ಅವನಿಗೆ ಎರಡು ವರ್ಷದಿಂದ ಬರೀ ನಷ್ಟ.

"ಹಾಗಾದ್ರೆ ಕಾಗದದ ಮೇಲೆ ಅವರು ಬಡವರು, ನೀವು ಸಂಬಳದಾರರು," ಅಂದಳು ವಕೀಲೆ. "ಅವರೇ ನಿಮ್ಮ ಹತ್ರ ಕೇಳದಿದ್ರೆ ಸಾಕು."

ಕಾಗದದ ಪ್ರತಿಗಳು ನನ್ನ ಮೇಜಿನ ಕೆಳಗಿನ ಖಾನೆಗೆ ಬಂದವು, ಹೊಳಪಿನ ಚಕ್ರಗಳ ಅಡಿಗೆ. ಪಟ್ಟಿಯನ್ನು ಅವಳು ಲ್ಯಾಬಿನ ಹಳೇ ಆರ್ಡರ್ ಚೀಟಿಗಳ ಬೆನ್ನಿನ ಮೇಲೆ ಬರೆಯುತ್ತಿದ್ದಳು, ಮಧ್ಯಾಹ್ನದ ಬಿಡುವಿನಲ್ಲಿ. ಹೋಗುವ ದುಡ್ಡು ಪೆನ್ನಿನಲ್ಲಿ, ಬರಬಹುದಾದ ದುಡ್ಡು ಪೆನ್ಸಿಲ್ಲಿನಲ್ಲಿ. ಹೋಗೋದು ಹೋಗೇ ಹೋಗುತ್ತೆ, ಬರೋದನ್ನ ಅಳಿಸೋ ಹಾಗಿರಬೇಕು ಅನ್ನುತ್ತಿದ್ದಳು.

ಮೊದಲನೇ ಸಲ ಒಟ್ಟು ಐದು ತಿಂಗಳ ಸಂಬಳ ಬಂತು. ವಕೀಲೆಯ ಫೀಸು, ಕೋರ್ಟಿನ ಖರ್ಚು, ಬಾಡಿಗೆ ಕೋಣೆಯ ಮುಂಗಡ. ಉಳಿತಾಯ ನಾಲ್ಕು ತಿಂಗಳ ಸಂಬಳದಷ್ಟಿತ್ತು. ಒಂದು ತಿಂಗಳದ್ದು ಹೇಗಾದರೂ ಹೊಂದಿಸಬಹುದು ಅಂದುಕೊಂಡಳು. ಆ ದಿನ ಅವಳು ಲವಲವಿಕೆಯಿಂದ ಇದ್ದದ್ದು ನನಗೆ ನೆನಪಿದೆ.

ವಾರದ ನಂತರ ಅದು ಹನ್ನೊಂದಾಯಿತು. ಕೋಣೆ ಹಿಡಿದರೆ ಸಾಲದು, ಅದರೊಳಗೆ ಒಲೆ ಬೇಕು, ಮಂಚ ಬೇಕು, ಬಕೆಟ್ಟಿನಿಂದ ಹಿಡಿದು ಬಲ್ಬಿನ ತನಕ ಎಲ್ಲ ಎರಡನೇ ಸಲ ಕೊಳ್ಳಬೇಕು. ಕೋರ್ಟಿನ ಪ್ರತಿ ವಾಯಿದೆಗೆ ಒಂದು ದಿನ ರಜೆ, ರಜೆಗೆ ಸಂಬಳ ಕಡಿತ. ಮಗಳ ಶಾಲೆ ಈಗ ಹತ್ತು ನಿಮಿಷದ ನಡಿಗೆ, ಕಡಿಮೆ ಬಾಡಿಗೆಯ ಕೋಣೆಯಿಂದ ಎರಡು ಬಸ್ಸು. ಅಂಗಡಿ ಸಂಘದ ಆರೋಗ್ಯ ವಿಮೆಯಲ್ಲಿ ಗಂಡನ ಹೆಂಡತಿ ಎಂದು ಅವಳ ಹೆಸರಿತ್ತು, ಹೆಂಡತಿ ಅಲ್ಲವೆಂದ ಮೇಲೆ ಅದೂ ಹೋಗುತ್ತದೆ.

ಇಷ್ಟಾದ ಮೇಲೆ ಅವಳು ಮನೆಸಾಲ ಕೊಟ್ಟ ಬ್ಯಾಂಕಿಗೆ ಹೋದಳು. ಮನೆ ಅಂದರೆ ನಾಲ್ಕನೇ ಮಹಡಿಯ ಎರಡು ಕೋಣೆ, ಒಂದು ಬಚ್ಚಲು, ಬಟ್ಟೆ ಒಣಗಿಸುವಷ್ಟು ಬಾಲ್ಕನಿ. ಇಬ್ಬರ ಹೆಸರಿನಲ್ಲೂ ಇತ್ತು. ಒಂಬತ್ತು ವರ್ಷದ ಕಂತು ಅವಳೇ ಕಟ್ಟಿದ್ದಳು, ಇನ್ನೂ ಆರು ವರ್ಷ ಬಾಕಿ. ವಿಚ್ಛೇದನವಾದರೆ ಸಾಲ ಹೇಗೆ ಭಾಗ ಆಗುತ್ತದೆ ಎಂದು ಕೇಳಿದಳು. ಗುಮಾಸ್ತ ಸಭ್ಯ ಮನುಷ್ಯ. "ಭಾಗ ಆಗಲ್ಲಮ್ಮ. ನಮ್ಮ ಪಾಲಿಗೆ ನೀವು ಗಂಡ ಹೆಂಡತಿ ಅಲ್ಲ, ಇಬ್ಬರು ಸಾಲಗಾರರು. ಅವರು ಕಟ್ಟದಿದ್ರೆ ನೀವು, ನೀವು ಕಟ್ಟದಿದ್ರೆ ಅವರು. ಕೋರ್ಟು ಏನೇ ಹೇಳ್ಲಿ, ನಮ್ಮ ಕಾಗದದಲ್ಲಿ ನಿಮ್ಮ ಸಹಿ ಇದೆ."

ಆ ಸಹಿ ಮಾತ್ರ ನಿಜವಾಗಿಯೂ ಅವಳದೇ. ಬಂದು ಚೀಟಿ ತೆಗೆದಳು. ಸಂಜೆಯ ಹೊತ್ತಿಗೆ ಮನೆಸಾಲದ ಮುಂದಿನ ಕಂತುಗಳೂ ಸೇರಿ ಒಟ್ಟು ಇಪ್ಪತ್ತಮೂರು ತಿಂಗಳ ಸಂಬಳವಾಗಿತ್ತು. ಮೂಗಿಗಿಂತ ಮೂಗುತಿ ಭಾರ ಆಯ್ತಲ್ಲೇ ಅಂದಳು. ನಗೆ ಬರಲಿಲ್ಲ, ಇಬ್ಬರಿಗೂ.

ಅತ್ತೆಗೆ ಎಪ್ಪತ್ತನಾಲ್ಕು. ಮೊಣಕಾಲು ಹಿಡಿದಿತ್ತು, ಒಂದು ಕಣ್ಣು ಮಂಜಾಗಿತ್ತು, ಆದರೆ ಮನೆಯಲ್ಲಿ ಸೂಜಿ ಬಿದ್ದರೂ ಅವಳಿಗೆ ತಿಳಿಯುತ್ತಿತ್ತು. ಒಂದು ಭಾನುವಾರ ಹಲ್ಲಕ್ಕ ಅವಳ ಕಾಲಿಗೆ ಎಣ್ಣೆ ಹಚ್ಚುತ್ತಿದ್ದಾಗ ಮುದುಕಿ ಕೇಳಿದಳಂತೆ, "ನಿನ್ನ ಚೀಲದಲ್ಲಿ ಒಂದು ಚೀಟಿ ಕಟ್ಟು ಇದೆಯಲ್ಲ. ಮೊಮ್ಮಗಳ ಹತ್ರ ಓದಿಸ್ದೆ."

ಹಲ್ಲಕ್ಕನ ಕೈ ನಿಂತಿತು.

"ಬೈತೀನಿ ಅಂದ್ಕೊಂಡ್ಯಾ? ಬೈಯಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತ ನಾನೂ ನಿನಗೆ ಎಷ್ಟು ಸಲ ಹೇಳಿದೀನಿ. ಇದು ಉಂಡು ಮಲಗಿದ್ರೆ ಹೋಗೋದಲ್ಲ ಅಂತ ಗೊತ್ತು ನನಗೆ." ಮುದುಕಿ ಇನ್ನೊಂದು ಕಾಲನ್ನು ಮುಂದೆ ಚಾಚಿ ಕೇಳಿದಳು: "ಪಟ್ಟೀಲಿ ಬಕೆಟ್ಟಿದೆ, ಬಲ್ಬಿದೆ. ನಾನು ಯಾವ ಸಾಲಲ್ಲಿದೀನಿ?"

ಅತ್ತೆ ಎಂದರೆ ಗಂಡನ ತಾಯಿ. ಗಂಡನನ್ನು ಬಿಟ್ಟರೆ ಅತ್ತೆಯನ್ನೂ ಬಿಟ್ಟ ಹಾಗೆ ಎಂದೇ ಯಾರ ಲೆಕ್ಕವಾದರೂ ಇರುತ್ತದೆ. ಆದರೆ ಹದಿನೆಂಟು ವರ್ಷದಿಂದ ಆ ಮುದುಕಿಯ ಮಾತ್ರೆ ತಂದವಳು ಹಲ್ಲಕ್ಕ, ಉಗುರು ಕತ್ತರಿಸಿದವಳು ಅವಳು. ಮಗನಿಗೆ ತನ್ನ ತಾಯಿ ಬೆಳಿಗ್ಗೆ ಯಾವ ಬಣ್ಣದ ಮಾತ್ರೆ ನುಂಗುತ್ತಾಳೆ ಎಂದೂ ಗೊತ್ತಿರಲಿಲ್ಲ.

"ಬರ್ಕೋ," ಅಂದಳು ಅತ್ತೆ. "ಕರ್ಕೊಂಡು ಹೋಗು ಅಂತಲ್ಲ. ಬರೀದೆ ಬಿಟ್ರೆ ಲೆಕ್ಕ ತಪ್ಪುತ್ತೆ."

ಆ ವಾರ ಹಲ್ಲಕ್ಕ ಮಾತ್ರೆಗಳ ಖರ್ಚನ್ನು ಪೆನ್ನಿನಲ್ಲೇ ಬರೆದಳು.

ಗಂಡನಿಗೆ ಅವಳು ಹೇಳಿದ್ದು ಇನ್ನೊಂದು ಭಾನುವಾರ, ಹಗಲು ಹನ್ನೊಂದು ಗಂಟೆಗೆ, ಮಗಳು ಪಾಠಕ್ಕೆ ಹೋಗಿದ್ದಾಗ. ಅವನು ಅಳುತ್ತಾನೆ, ಕಾಲು ಹಿಡಿಯುತ್ತಾನೆ, ಇಲ್ಲವೇ ಕೂಗಾಡುತ್ತಾನೆ ಎಂದು ಮೂರಕ್ಕೂ ತಯಾರಾಗಿದ್ದಳು. ಅವನು ಮೂರನ್ನೂ ಮಾಡಲಿಲ್ಲ. ಟಿವಿಯ ಸದ್ದು ಕಡಿಮೆ ಮಾಡಿ, "ಒಪ್ಕೋತೀನಿ" ಅಂದ. "ಮನೆ ನನಗೆ ಬಿಟ್ಟುಕೊಡು. ಅಂಗಡಿ ಸಾಲದಲ್ಲಿ ಅರ್ಧ ನೀನು ಕಟ್ಟು. ನಾಳೆ ಬೇಕಾದ್ರೆ ಸಹಿ ಹಾಕ್ತೀನಿ."

"ಸಹಿ ಹಾಕೋದ್ರಲ್ಲಿ ನೀವು ಎತ್ತಿದ ಕೈ," ಅಂದಳು ಅವಳು. "ನಾನು ಒಪ್ಪದಿದ್ರೆ?"

"ಕೋರ್ಟಿಗೆ ಹಾಕು. ನಾನು ಬರ್ತೀನಿ, ವಾಯಿದೆ ಕೇಳ್ತೀನಿ, ಹೋಗ್ತೀನಿ. ನಿನಗೊಬ್ಬಳಿಗೇನಾ ಲೆಕ್ಕ ಬರೋದು? ನಾನೂ ಹಾಕಿದೀನಿ. ನಿನ್ನ ಹತ್ರ ಎರಡು ವರ್ಷಕ್ಕೆ ಸಾಕಾಗೋಷ್ಟಿಲ್ಲ. ನಾನು ಕಾಯ್ತೀನಿ."

ಇದನ್ನು ನನಗೆ ಹೇಳುವಾಗ ಅವಳ ದನಿ ಗಡಸಾಗಿತ್ತು. "ಹದಿನೆಂಟು ವರ್ಷದಲ್ಲಿ ಅವನು ಸರಿಯಾಗಿ ಹಾಕಿದ ಲೆಕ್ಕ ಇದೊಂದೇ."

ಅವಳು ಕೇಸು ಹಾಕಿದಳು. ಒಂಬತ್ತು ವರ್ಷ ಕಂತು ಕಟ್ಟಿದ ಮನೆಯನ್ನು ಬಾಯಿಮಾತಿಗೆ ಬಿಟ್ಟುಕೊಡಲು ಮನಸ್ಸು ಒಪ್ಪಲಿಲ್ಲ. ತಾನು ಹಾಕದ ಸಹಿಗೆ ದುಡ್ಡು ಕಟ್ಟುವುದಂತೂ ಗಂಟಲಲ್ಲಿ ಇಳಿಯಲಿಲ್ಲ. ಮಗಳನ್ನು ಕರೆದುಕೊಂಡು ಊರಂಚಿನ ಒಂದು ಕೋಣೆಗೆ ಹೋದಳು. ಕೆಳಗೆ ತಗಡಿನ ಕೆಲಸದ ಅಂಗಡಿ, ಬೆಳಿಗ್ಗೆ ಎಂಟಕ್ಕೆ ಬಡಿತ ಶುರುವಾದರೆ ಮಾತಾಡಲು ಕೂಗಬೇಕು. ಮನೆಸಾಲದ ಕಂತು ನಿಲ್ಲಿಸುವ ಹಾಗಿರಲಿಲ್ಲ, ನಿಲ್ಲಿಸಿದರೆ ಬ್ಯಾಂಕು ಮನೆಯನ್ನೇ ಹಿಡಿಯುತ್ತದೆ. ಹೀಗೆ ತಾನು ಇಲ್ಲದ ಮನೆಗೆ ಕಂತು, ಇದ್ದ ಕೋಣೆಗೆ ಬಾಡಿಗೆ.

ಯಜಮಾನರು ಎರಡು ತಿಂಗಳ ಸಂಬಳ ಮುಂಗಡ ಕೊಟ್ಟರು. ಅಣ್ಣನ ಹತ್ತಿರ ಹೋದಳು. ಅಣ್ಣ ಕೊಡುವವನೇ ಇದ್ದ. ಒಳಗಿಂದ ಅತ್ತಿಗೆ, "ಮೊದಲು ಅವಳು ಗಂಡನ ಮನೇಲಿರೋ ಒಡವೆ ವಸ್ತು ತರ್ಲಿ, ಆಮೇಲೆ ನೋಡೋಣ" ಅಂದದ್ದು ಕೇಳಿಸಿತು. ಅಣ್ಣ ಬಸ್ಸಿನ ತನಕ ಬಂದು ಬಿಟ್ಟುಹೋದ. ಅವಳು ಲ್ಯಾಬಿನಿಂದ ಕೆಲಸ ಮನೆಗೆ ಒಯ್ಯತೊಡಗಿದಳು, ಬೆಂದ ಪ್ಲಾಸ್ಟಿಕ್ಕನ್ನು ಅರದಿಂದ ಉಜ್ಜುವುದನ್ನೂ. ಪ್ಲಾಸ್ಟಿಕ್ಕಿನ ಸಣ್ಣ ಧೂಳು ಆ ಒಂದೇ ಕೋಣೆಯಲ್ಲಿ ಹಾಸಿಗೆಯ ಮೇಲೂ ಅನ್ನದ ಪಾತ್ರೆಯ ಮೇಲೂ ಕೂರುತ್ತಿತ್ತು. ಅವಳಿಗೆ ಒಣಕೆಮ್ಮು ಹತ್ತಿತು.

ನಾನು ಏನು ಮಾಡಿದೆ ಎಂದು ಹೇಳಬೇಕು, ಮುಚ್ಚಿಟ್ಟರೆ ಸರಿಯಲ್ಲ. ನನ್ನ ಹತ್ತಿರ ಸ್ವಲ್ಪ ದುಡ್ಡಿತ್ತು. ಕೊಡುತ್ತೇನೆ, ಮುಂದಿನ ತಿಂಗಳ ಮೊದಲ ವಾರ ತಗೋ ಎಂದು ನಾನೇ ಮೇಲೆ ಬಿದ್ದು ಹೇಳಿದ್ದೆ. ಮನೆಯಲ್ಲಿ ನನ್ನ ಗಂಡ, "ಬೇರೆಯವರ ಸಂಸಾರ ಮುರಿಯೋಕೆ ನಮ್ಮ ದುಡ್ಡಾ?" ಅಂದ. ನಾನು ವಾದ ಮಾಡಬಹುದಿತ್ತು, ಮಾಡಲಿಲ್ಲ. ಮೊದಲ ವಾರ ಬಂದಾಗ ತಂಗಿಗೆ ಆಪರೇಷನ್ನು ಎಂದು ಸುಳ್ಳು ಹೇಳಿದೆ. ನನಗೆ ತಂಗಿ ಇಲ್ಲ. ಅದು ಅವಳಿಗೂ ಗೊತ್ತಿತ್ತು. ಚಾಕು ದೀಪಕ್ಕೆ ಹಿಡಿದು, "ಪರವಾಗಿಲ್ಲ ಬಿಡೇ. ನಿನ್ನ ಹೆಸರು ಪೆನ್ಸಿಲಲ್ಲೇ ಬರ್ದಿದ್ದೆ" ಅಂದಳು.

ಎಂಟು ತಿಂಗಳಲ್ಲಿ ಆರು ವಾಯಿದೆ ಬಿದ್ದವು. ಒಂದು ಸಲ ಅವನ ವಕೀಲರಿಗೆ ಜ್ವರ, ಇನ್ನೊಂದು ಸಲ ಕಾಗದದಲ್ಲಿ ಒಂದು ಅಕ್ಷರ ತಪ್ಪು, ಮತ್ತೊಂದು ಸಲ ಯಾಕೆಂದೇ ತಿಳಿಯಲಿಲ್ಲ. ಬೆಳಿಗ್ಗೆ ಹತ್ತಕ್ಕೆ ಹೋಗಿ ಹಸಿರು ಬಣ್ಣದ ಬೆಂಚಿನ ಮೇಲೆ ಕೂತರೆ ನಾಲ್ಕು ಗಂಟೆಗೆ ಮುಂದಿನ ತಾರೀಖು. ಪ್ರತಿ ತಾರೀಖಿಗೂ ಒಂದು ದಿನದ ಸಂಬಳ, ಬಸ್ಸು, ಪ್ರತಿಗಳು, ಗುಮಾಸ್ತನ ಕೈಗೆ ಒಂದಿಷ್ಟು. ಆ ಒಂದಿಷ್ಟನ್ನು ಅವಳು ಯಾವ ಪಟ್ಟಿಯಲ್ಲೂ ಬರೆದಿರಲಿಲ್ಲ.

ದಾರಿ ಒಂದಿದೆ ಎಂದು ವಕೀಲೆ ಆಗ ಹೇಳಿದಳು. ಸಹಿ ಸುಳ್ಳು ಎಂದು ತೋರಿಸಿದರೆ ಅಂಗಡಿ ಸಾಲ ತಲೆಯಿಂದ ಇಳಿಯುತ್ತದೆ, ಅವನೂ ಮೆತ್ತಗಾಗುತ್ತಾನೆ. ಕೈಬರಹ ತಜ್ಞರನ್ನು ಹಿಡಿದರೆ ಖರ್ಚು ಜಾಸ್ತಿ, ಕಣ್ಣಾರೆ ಕಂಡ ಸಾಕ್ಷಿ ಇದ್ದರೆ ಪುಕ್ಕಟೆ. ಕಣ್ಣಾರೆ ಕಂಡವಳು ಒಬ್ಬಳಿದ್ದಳು. ಸಾಲ ತೆಗೆಯುವ ಮುಂಚೆ ಮಗ ಊಟದ ಮೇಜಿನಲ್ಲಿ ಕೂತು ಹಳೇ ಪತ್ರಿಕೆಯ ಅಂಚಿನ ಮೇಲೆಲ್ಲ ಸೊಸೆಯ ಸಹಿಯನ್ನು ಬರೆದು ಬರೆದು ನೋಡಿದ್ದನ್ನು ಅತ್ತೆ ತನ್ನ ಒಳ್ಳೆಯ ಕಣ್ಣಿನಿಂದ ಕಂಡಿದ್ದಳು. ಏನಪ್ಪಾ ಅದು ಎಂದಿದ್ದಕ್ಕೆ, ಪೆನ್ನು ನೋಡ್ತಿದೀನಿ ಅಂದಿದ್ದನಂತೆ. ಇದನ್ನು ಅವಳೇ ಸೊಸೆಗೆ ಹೇಳಿದ್ದಳು.

ಹಲ್ಲಕ್ಕ ಕೇಳಿದಳು. ಮುದುಕಿ ಒಂದು ದಿನ ಯೋಚಿಸಿ, "ಬರ್ತೀನಿ. ಕಂಡದ್ದು ಕಂಡ ಹಾಗೆ ಹೇಳ್ತೀನಿ" ಅಂದಳು. ಮಗ ಅಂಗಡಿಗೆ ಹೋದ ಮೇಲೆ ಹಲ್ಲಕ್ಕ ಆಟೋ ಮಾಡಿಸಿ ಅವಳನ್ನು ಕರೆತಂದಳು. ಛತ್ರಿ ಅಂಗಡಿಯ ಪಕ್ಕದ ಆ ಕಡಿದಾದ ಮೆಟ್ಟಿಲನ್ನು ಮುದುಕಿ ಕೂತು ಕೂತು ಹತ್ತಿದಳು. ಒಂದು ಕಡೆ ನಾನು ಹಿಡಿದಿದ್ದೆ, ಇನ್ನೊಂದು ಕಡೆ ಹಲ್ಲಕ್ಕ.

ವಕೀಲೆ ನೀರು ಕೊಟ್ಟು, ಸಾವಧಾನವಾಗಿ ಕೇಳಿದಳು. "ಅಮ್ಮಾ, ನಿಮ್ಮ ಮಗ ಪತ್ರಿಕೆ ಮೇಲೆ ಏನು ಬರೀತಿದ್ರು?"

ಮುದುಕಿ ವಕೀಲೆಯನ್ನು ನೋಡಿದಳು, ಸೊಸೆಯನ್ನು ನೋಡಿದಳು. "ಹೇಳಿದ್ರೆ ಅವನನ್ನ ಏನ್ ಮಾಡ್ತಾರೆ?"

ವಕೀಲೆ ಸುಳ್ಳು ಹೇಳುವವಳಲ್ಲ. "ಪೊಲೀಸ್ ಕೇಸಾಗುತ್ತೆ. ಶಿಕ್ಷೆನೂ ಆಗ್ಬಹುದು."

ಆಮೇಲೆ ಮುದುಕಿ ಎಷ್ಟೋ ಹೊತ್ತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಡಿಸುತ್ತ ಕೂತಳು. ಕೆಳಗೆ ಅಂಗಡಿಯಲ್ಲಿ ಯಾರೋ ಛತ್ರಿ ಬಿಚ್ಚಿ ಮುಚ್ಚಿ ನೋಡುತ್ತಿದ್ದ ಸದ್ದು. ಕೊನೆಗೆ, "ನನಗೇನೂ ಗೊತ್ತಿಲ್ಲಮ್ಮ. ಕಣ್ಣು ಸರಿಯಾಗಿ ಕಾಣಲ್ಲ ನನಗೆ" ಅಂದಳು.

ಆಟೋದಲ್ಲಿ ಮುದುಕಿ ಸೊಸೆಯ ಕೈ ಹಿಡಿದುಕೊಂಡು, "ನಾನು ಹೆತ್ತಿದೀನಲ್ಲೇ" ಅಂದಳು. ಹಲ್ಲಕ್ಕ ಕೈ ಬಿಡಿಸಿಕೊಳ್ಳಲಿಲ್ಲ. "ಹೌದತ್ತೆ" ಅಂದಳು. ಮನೆಗೆ ಮುಟ್ಟಿಸಿ, ನಾಲ್ಕು ಮಹಡಿ ಹತ್ತಿಸಿ, ಮಧ್ಯಾಹ್ನದ ಮಾತ್ರೆ ಕೊಟ್ಟು ಬಂದಳು. ಮಾರನೇ ದಿನ ನನಗೆ ಕೋಪ ಉಕ್ಕುತ್ತಿತ್ತು. ಅವಳು ಮಾತ್ರ, "ನಾನಾಗಿದ್ರೂ ಅದೇ ಹೇಳ್ತಿದ್ದೆನೋ ಏನೋ" ಅಂದು ಮೇಣ ಕರಗಿಸತೊಡಗಿದಳು.

ಇದಾಗಿ ಹದಿನೈದು ದಿನಕ್ಕೆ ಅವಳ ಬ್ಯಾಂಕಿನ ಖಾತೆ ಬರಿದಾಯಿತು. ವಕೀಲೆಯ ಫೀಸಿನ ಎರಡನೇ ಕಂತು ಬಾಕಿ, ಬಾಡಿಗೆ ಬಾಕಿ, ಮನೆಸಾಲದ ಕಂತಿಗೆ ಇನ್ನು ಒಂಬತ್ತು ದಿನ. ಅವಳು ಹಾಸಿಗೆಯ ಮೇಲೆ ಚೀಟಿಗಳನ್ನೆಲ್ಲ ಹರಡಿಕೊಂಡು, ಯಾವುದನ್ನು ಹೊಡೆದು ಹಾಕಬಹುದು ಎಂದು ನೋಡುತ್ತಿದ್ದಳಂತೆ. ಪಾಠ ಓದುತ್ತಿದ್ದ ಮಗಳು ಪುಸ್ತಕ ಮುಚ್ಚಿದಳು. ಹದಿನಾಲ್ಕು ವರ್ಷದ ಹುಡುಗಿ, ಅಮ್ಮನ ಹಾಗೇ ಕಡ್ಡಿ.

"ಅಮ್ಮಾ, ನಾನು ಅಪ್ಪನ ಹತ್ರ ಇದ್ರೆ ಎಷ್ಟು ಉಳಿಯುತ್ತೆ?"

ಹಲ್ಲಕ್ಕನಿಗೆ ಮೊದಲು ಅರ್ಥವಾಗಲಿಲ್ಲ.

"ನಾನೇ ಕೂಡಿ ನೋಡ್ದೆ. ಎರಡು ಬಸ್ಸು ಉಳಿಯುತ್ತೆ, ಊಟ ಉಳಿಯುತ್ತೆ. ಇನ್ನೂ ಚಿಕ್ಕ ಕೋಣೆ ಸಾಕಾಗುತ್ತೆ ನಿನಗೆ. ಅಜ್ಜಿಗೂ ಜೊತೆಯಾಗುತ್ತೆ. ನಾನು ಭಾನುವಾರ ಬರ್ತೀನಿ." ಹುಡುಗಿ ಅಳುತ್ತಿರಲಿಲ್ಲ. ಅಂಗಡಿಗೆ ಹೋಗಿ ಬರುತ್ತೇನೆ ಅನ್ನುವ ಹಾಗೆ ಹೇಳಿದಳಂತೆ.

ಇದನ್ನು ಹೇಳುವಾಗ ಮಾತ್ರ ಹಲ್ಲಕ್ಕ ನನ್ನ ಮುಖ ನೋಡಲಿಲ್ಲ. ಅವಳ ಮುಂದಿದ್ದ ಮೇಣದಲ್ಲಿ ಮುಂಭಾಗದ ಆರು ಹಲ್ಲು ಕೂತಿದ್ದವು. ಏಳನೆಯದನ್ನು ಚಿಮಟದಲ್ಲಿ ಹಿಡಿದವಳು ಹಿಡಿದೇ ಇದ್ದಳು. "ಸಾಕು ಕಣೇ. ನನ್ನ ಮಗು ತನ್ನನ್ನೇ ತಾನು ಕಳೆದು ಲೆಕ್ಕ ಮಾಡಿದ್ಲು. ನನಗೆ ಮನೆ ಬೇಡ. ಏನೂ ಬೇಡ."

ಆ ಮಧ್ಯಾಹ್ನವೇ ವಕೀಲೆಗೆ ಫೋನು ಮಾಡಿದಳು. ವಕೀಲೆ ಬೇಡವೆಂದಳು. ಇನ್ನೊಂದು ವರ್ಷ ತಡೆದರೆ ಮನೆಯಲ್ಲಿ ಅರ್ಧ ಸಿಗುವುದು ಖಂಡಿತ, ನನ್ನ ಫೀಸು ನಿಧಾನವಾಗಿ ಕೊಡಿ ಅಂದಳು. "ಒಂದು ವರ್ಷ ತಡೆಯೋಕೂ ದುಡ್ಡು ಬೇಕಲ್ಲ ಮೇಡಂ," ಅಂದಳು ಹಲ್ಲಕ್ಕ.

ಅವನು ಹೇಳಿದ ಕರಾರಿಗೇ ಸಹಿ ಬಿತ್ತು. ಮನೆ ಅವನಿಗೆ, ಇನ್ನು ಮುಂದಿನ ಮನೆಸಾಲ ಅವನದು. ಅಂಗಡಿ ಸಾಲದಲ್ಲಿ ಅರ್ಧ ಅವಳಿಗೆ, ಏಳು ತಿಂಗಳ ಸಂಬಳದಷ್ಟು, ಮೂರು ವರ್ಷದ ಕಂತು. ಮಗಳು ಅವಳ ಹತ್ತಿರ, ಮಗಳ ಖರ್ಚಿಗೆ ಅವನು ಪ್ರತಿ ತಿಂಗಳು ಒಂದು ಮೊತ್ತ ಕೊಡಬೇಕು. ಆ ಮೊತ್ತ ಎಷ್ಟೆಂದರೆ ಬಸ್ಸಿನ ಪಾಸು ಬರುತ್ತಿತ್ತು, ಬೂಟು ಬರುತ್ತಿರಲಿಲ್ಲ. ಬ್ಯಾಂಕು ಮನೆಸಾಲದಿಂದ ಅವಳ ಹೆಸರು ತೆಗೆಯಲು ಇನ್ನೊಬ್ಬ ಜಾಮೀನುದಾರನನ್ನು ತನ್ನಿ ಅಂದಿತು. ಅವನು ತರುತ್ತೇನೆ ಅಂದ, ತರಲಿಲ್ಲ.

ತೀರ್ಪು ಬಂದ ದಿನ ಅರ್ಧ ರಜೆ ಹಾಕಿ ನಾನೂ ಹೋಗಿದ್ದೆ. ಒಳಗೆ ನಾಲ್ಕು ನಿಮಿಷವೂ ಹಿಡಿಯಲಿಲ್ಲ. ಹೊರಗೆ ಬಂದು ಅವನು ಅವಳ ಹತ್ತಿರ ನಿಂತು, "ಅಮ್ಮನ ಕಣ್ಣಿನ ಡಾಕ್ಟರ್ ಹೆಸರೇನು?" ಎಂದು ಕೇಳಿದ. ಅವಳು ಹೆಸರು, ವಿಳಾಸ, ಯಾವ ದಿನ ಸಿಗುತ್ತಾರೆ, ಎಷ್ಟು ತಗೊಳ್ಳುತ್ತಾರೆ ಎಲ್ಲ ಒಂದು ಚೀಟಿಯಲ್ಲಿ ಬರೆದುಕೊಟ್ಟಳು. ಮಾತ್ರೆಗಳ ಹೆಸರನ್ನೂ ಬರೆದಳು, ಬೆಳಗಿನದು ಬೇರೆ, ರಾತ್ರಿಯದು ಬೇರೆ. ಅವನು ಜೇಬಿಗೆ ಹಾಕಿಕೊಂಡು ಹೋದ. ನಾವಿಬ್ಬರೂ ಹಸಿರು ಬೆಂಚಿನ ಮೇಲೆ ಕೂತೆವು. ಸಂತೋಷ ಪಡಬೇಕೋ ಏನೋ ಎಂದು ನಾನು ಅವಳ ಮುಖ ನೋಡಿದೆ. "ಹಸಿವಾಗ್ತಿದೆ," ಅಂದಳು. ಬೆಳಿಗ್ಗೆಯಿಂದ ಅವಳು ಏನೂ ತಿಂದಿರಲಿಲ್ಲ.

ಈಗ ಅದಾಗಿ ಒಂದು ವರ್ಷ ಮೂರು ತಿಂಗಳು. ಹಲ್ಲಕ್ಕ ಇನ್ನೂ ತಗಡಿನ ಅಂಗಡಿಯ ಮೇಲೇ ಇದ್ದಾಳೆ. ಮಗಳು ಓದುತ್ತಿದ್ದಾಳೆ, ಚೆನ್ನಾಗಿ ಓದುತ್ತಿದ್ದಾಳೆ. ಕೆಮ್ಮು ಹೋಗಿಲ್ಲ, ಎಕ್ಸರೇ ಮಾಡಿಸು ಎಂದರೆ ಮುಂದಿನ ತಿಂಗಳು ಅನ್ನುತ್ತಾಳೆ. ಅತ್ತೆಯ ಕಣ್ಣಿನ ಆಪರೇಷನ್ನು ಆಗಲೇ ಇಲ್ಲ. ಮುದುಕಿ ಪಕ್ಕದ ಮನೆಯ ಫೋನಿನಿಂದ ಆಗಾಗ ಮಾಡುತ್ತಾಳೆ, ಇಬ್ಬರೂ ಹವೆಯ ವಿಷಯ, ಮೊಣಕಾಲಿನ ವಿಷಯ ಮಾತಾಡಿ ಇಡುತ್ತಾರೆ.

ಹೋದ ತಿಂಗಳು ಮಧ್ಯಾಹ್ನ ಅವಳಿಗೆ ಒಂದು ಫೋನು ಬಂತು. ಬ್ಯಾಂಕಿನವರು. ಮನೆಸಾಲಕ್ಕೆ ಮೂರು ತಿಂಗಳಿಂದ ಕಂತು ಬಂದಿಲ್ಲ, ಅವರ ಫೋನು ಹತ್ತುತ್ತಿಲ್ಲ, ಎರಡನೇ ಸಾಲಗಾರರು ನೀವು. ಅವಳು ನಿಂತುಕೊಂಡೇ ಕೇಳಿಸಿಕೊಂಡಳು. ಸಂಜೆ ನಾವಿಬ್ಬರೂ ಛತ್ರಿ ಅಂಗಡಿಯ ಮೆಟ್ಟಿಲು ಹತ್ತಿದೆವು. ಕರಾರು ಮುರಿದಿದ್ದಾನೆ, ಅವನ ಮೇಲೆ ಹೊಸ ಅರ್ಜಿ ಹಾಕಬಹುದು ಅಂದಳು ವಕೀಲೆ.

"ಎಷ್ಟಾಗುತ್ತೆ?"

ವಕೀಲೆ ಹೇಳಿದಳು. ಹಲ್ಲಕ್ಕ ತಲೆ ಆಡಿಸಿದಳು, ಆಯಿತು ಎಂದೂ ಅಲ್ಲ, ಆಗುವುದಿಲ್ಲ ಎಂದೂ ಅಲ್ಲ. ವಕೀಲೆಗೆ ಕೊಡಬೇಕಿದ್ದ ಹಳೇ ಬಾಕಿಯಲ್ಲಿ ಒಂದು ನೋಟು ಮೇಜಿನ ಮೇಲಿಟ್ಟು, ರಸೀದಿ ಕೇಳಿ ತೆಗೆದುಕೊಂಡಳು.

ಬೀದಿಗೆ ಬಂದಾಗ ಅಂಗಡಿಗಳ ದೀಪ ಹತ್ತಿದ್ದವು. "ಈ ತಿಂಗಳದ್ದು ನಾನೇ ಕಟ್ತೀನಿ," ಅಂದಳು. "ಕಟ್ಟದಿದ್ರೆ ಮನೆ ಹೋಗುತ್ತೆ. ಮನೆ ಹೋದ್ರೆ ಆ ಮುದುಕಿ ಬೀದಿಗೆ ಬೀಳ್ತಾಳೆ."

"ಮುಂದಿನ ತಿಂಗಳು?" ಅಂದೆ ನಾನು.

ಬಸ್ಸು ಬಂತು. ಅವಳು ಕೆಮ್ಮುತ್ತ ಹತ್ತಿದಳು. ಮನೆಗೆ ಒಯ್ಯುವ ಅಚ್ಚುಗಳ ಡಬ್ಬಿಯನ್ನು ಎದೆಗೆ ಅವಚಿಕೊಂಡು, ಕಂಬ ಹಿಡಿಯಲು ಒಂದು ಕೈ ಬಿಡಿಸಿಕೊಳ್ಳುತ್ತಿದ್ದಳು.